ಕತ್ತರಿಗೆ ಸಿಕ್ಕ ಲಗ್ನಪತ್ರಿಕೆ

ಮನೆಯೊಳಕ್ಕೆ ಸಲೀಸಾಗಿ ಬಂದು, ಆಮೇಲೆ ಏನು ಮಾಡಿದರೂ ಹೊರಗೆ ಹೋಗದ ವಸ್ತುಗಳಲ್ಲಿ ಲಗ್ನಪತ್ರಿಕೆಗೆ ಅಗ್ರಸ್ಥಾನ. ಮಾಘ, ಫಾಲ್ಗುಣ, ವೈಶಾಖ ಬಂತೆಂದರೆ ನಮ್ಮ ಗೇಟಿಗೆ ಪುರುಸೊತ್ತಿರುವುದಿಲ್ಲ. ಬಂದವರು ಅರಿಶಿನ ಕುಂಕುಮ ಕೊಟ್ಟು, ಪತ್ರಿಕೆ ಕೈಗಿಟ್ಟು, ‘ಹಿಂದಿನ ದಿನವೇ ಬಂದುಬಿಡಬೇಕು’ ಎಂದು ಒತ್ತಾಯ ಮಾಡಿ, ಬೇಡ ಬೇಡ ಎನ್ನುತ್ತಲೇ ಕಾಫಿ ಕುಡಿದು ಹೊರಡುತ್ತಾರೆ. ಅವರು ಹೋದಮೇಲೆ ಉಳಿಯುವವನು ಗಣಪತಿ. ಒಂದರಲ್ಲಿ ಅವನು ಆಲದೆಲೆಗೆ ಒರಗಿದ್ದಾನೆ, ಇನ್ನೊಂದರಲ್ಲಿ ತಂಬೂರಿ ಹಿಡಿದಿದ್ದಾನೆ, ಮತ್ತೊಂದರಲ್ಲಿ ಎರಡು ಚಿನ್ನದ ಗೆರೆಗೆ ಸೊಂಡಿಲು ಮುಗಿದು ಮಿಕ್ಕಿದ್ದನ್ನು ನಾವೇ ಊಹಿಸಿಕೊಳ್ಳಬೇಕು. ಮದುವೆಯಾಗಿ, ಮಧುಚಂದ್ರವಾಗಿ, ಹುಡುಗಿಗೆ ಸೀಮಂತವಾದರೂ ಈ ಗಣಪತಿಗಳು ನಮ್ಮ ಟಿವಿ ಸ್ಟ್ಯಾಂಡಿನ ಕೆಳಖಾನೆ ಬಿಟ್ಟು ಕದಲುವುದಿಲ್ಲ.

ರದ್ದಿಗೆ ಹಾಕೋಣವೆಂದರೆ ಅತ್ತೆಯ ಆಕ್ಷೇಪ. “ದೇವರ ಚಿತ್ರ ಇರೋ ಕಾಗದ ಕಣೇ. ನಾಳೆ ಯಾವನೋ ಅದರಲ್ಲಿ ಬೋಂಡ ಕಟ್ಟಿಕೊಟ್ಟರೆ ಪಾಪ ಯಾರಿಗೆ?” ಮುನ್ನೂರು ಜಿಎಸ್‌ಎಂ ದಪ್ಪದ ರಟ್ಟಿನಲ್ಲಿ ಬೋಂಡ ಕಟ್ಟಲು ಭೀಮಸೇನನೇ ಬರಬೇಕು ಎಂದು ವಾದಿಸಬಹುದಿತ್ತು, ಆದರೆ ಅತ್ತೆಯ ಜೊತೆ ಜಿಎಸ್‌ಎಂ ಲೆಕ್ಕ ಮಾತಾಡುವ ಸೊಸೆ ಇನ್ನೂ ಹುಟ್ಟಿಲ್ಲ. ಸುಡುವಂತಿಲ್ಲ; ಬಚ್ಚಲೊಲೆ ಇದ್ದ ಕಾಲದಲ್ಲೂ ದೇವರನ್ನು ಒಲೆಗಿಡುತ್ತಿರಲಿಲ್ಲ. “ಶ್ರೀರಂಗಪಟ್ಟಣಕ್ಕೆ ಹೋದಾಗ ಕಾವೇರಿಗೆ ಬಿಟ್ಟರಾಯ್ತು” ಎಂದರು ನಮ್ಮನೆಯವರು. ಕಾವೇರಿ ಈಗಾಗಲೇ ಹೊತ್ತಿರುವುದು ಸಾಲದೆ? ಇನ್ನು ಅಶ್ವತ್ಥಕಟ್ಟೆ. ಅಲ್ಲಿ ಗಾಜು ಒಡೆದ ಪಟಗಳು, ಕೈಮುರಿದ ವಿಗ್ರಹಗಳು ಮೊದಲೇ ಜಾಗ ಹಿಡಿದಿವೆ. ಅವುಗಳ ನಡುವೆ ಜರಿ ಅಂಚಿನ ಪತ್ರಿಕೆಯನ್ನು ಇಟ್ಟುಬರಲು ನನಗೇ ಮನಸ್ಸಾಗಲಿಲ್ಲ. ಹಾಗಾಗಿ ಕತ್ತರಿ ತೆಗೆದೆ. ಶುಭಾಶಯದ ಕಾರ್ಡು, ಉಡುಗೊರೆಗೆ ಕಟ್ಟುವ ಟ್ಯಾಗು ಮಾಡಲು.

“ಮದುವೆ ಪತ್ರಿಕೆಗೆ ಕತ್ತರಿ ಹಾಕ್ತಾರೇನೇ? ಅರಿಶಿನ ಹಚ್ಚಿದ ಕಾಗದ!” ಎಂದು ಅತ್ತೆ ಕೂಗಿದ್ದು ಎದುರುಮನೆಗೂ ಕೇಳಿತು. ಸಂಧಾನ ನಡೆಯಿತು. ಅದರ ಪ್ರಕಾರ, ಮದುವೆಯಾಗಿ ವರ್ಷ ತುಂಬುವ ಮೊದಲು ಪತ್ರಿಕೆಯನ್ನು ಮುಟ್ಟುವಂತಿಲ್ಲ. ಮಗು ಹುಟ್ಟಿದ ಮೇಲಾದರೆ ಇನ್ನೂ ಒಳ್ಳೆಯದು. ಮಂಗಳವಾರ, ಶುಕ್ರವಾರ ಕತ್ತರಿ ಬೀರುವಿನೊಳಗಿರಬೇಕು. ಗಣಪತಿಯನ್ನು ಕತ್ತರಿಸುವುದಾದರೆ ಇಡಿಯಾಗಿ ಕತ್ತರಿಸಬೇಕು, ಇಲಿಯ ಬಾಲ ಸಮೇತ. ಎಲ್ಲಕ್ಕಿಂತ ಮುಖ್ಯವಾಗಿ, ವಧೂವರರ ಹೆಸರಿನ ನಡುವೆ ಕತ್ತರಿ ಹಾಯಬಾರದು. ‘ಸುಖಾಗಮನ ಬಯಸುವವರು’ ಎಂಬಲ್ಲಿಂದ ಕೆಳಗೆ ಎಷ್ಟು ಬೇಕಾದರೂ ಕತ್ತರಿಸಿಕೊಳ್ಳಬಹುದು, ಆ ಬಂಧುಗಳನ್ನು ಯಾರು ಕೇಳುತ್ತಾರೆ! ಹೀಗಾಗಿ ಜೋಡಿ ಹೆಸರುಗಳ ಪಟ್ಟಿಗಳು ಒಂದು ಮೈಸೂರ್‌ಪಾಕಿನ ಡಬ್ಬ ಸೇರುತ್ತವೆ. ಚಿ||ರಾ|| ಮತ್ತು ಚಿ||ಸೌ||ಗಳನ್ನು ಬೇರೆ ಬೇರೆ ಪುಟದಲ್ಲಿ ಅಚ್ಚು ಹಾಕಿಸಿದ ಪತ್ರಿಕೆಗಳದೇ ಕಷ್ಟ. ಡಬ್ಬದೊಳಗೆ ಯಾವ ವರ ಯಾವ ವಧುವಿನ ಮಗ್ಗುಲಲ್ಲಿದ್ದಾನೋ, ಜಾತಕ ನೋಡಿದವರಿಲ್ಲ.

ಕಸುಬಿನ ದೃಷ್ಟಿಯಿಂದ ನೋಡಿದರೆ ಲಗ್ನಪತ್ರಿಕೆಯಷ್ಟು ಒಳ್ಳೆಯ ಕಾಗದ ಸಾಮಾನ್ಯರ ಮನೆಗೆ ಬೇರೆ ಯಾವ ದಾರಿಯಿಂದಲೂ ಬರುವುದಿಲ್ಲ. ಜೆರಾಕ್ಸ್ ಕಾಗದ ಒಂದು ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗಿದರೆ, ಪತ್ರಿಕೆಯ ಕಾಗದ 250, 300. ಬೆಂಗಳೂರಿನ ಸುಲ್ತಾನ್‌ಪೇಟೆಯ ಅಂಗಡಿಸಾಲಿನಲ್ಲಿ ಹೆಣ್ಣಿನ ಕಡೆಯವರು ಸೀರೆ ಆರಿಸುವಷ್ಟೇ ಹೊತ್ತು ಕೂತು ಆರಿಸುವ ಮಾಲು ಇದು. ಮುತ್ತಿನ ಹೊಳಪು, ಮಖಮಲ್ಲಿನ ಮೈ, ಲೇಸರಿನಲ್ಲಿ ಕೊರೆದ ಬಳ್ಳಿ, ಕಾದ ಅಚ್ಚನ್ನು ತೆಳು ಹಾಳೆಯ ಮೇಲೆ ಒತ್ತಿ ಇಳಿಸಿದ ಚಿನ್ನದ ಅಕ್ಷರ. ಇಷ್ಟೆಲ್ಲ ಮಾಡಿ ಅದರಲ್ಲಿ ಬರೆಯುವುದು ಛತ್ರದ ವಿಳಾಸ. ಅದನ್ನೂ ಯಾರೂ ಓದುವುದಿಲ್ಲ, ಹೊರಡುವ ಹೊತ್ತಿಗೆ ‘ಲೊಕೇಶನ್ ಕಳಿಸಿ’ ಎಂದು ಫೋನು ಮಾಡುತ್ತಾರೆ.

ಕಾರ್ಡು ಮಾಡುವುದೆಂದರೆ ಕಾಗದವನ್ನು ಎರಡಾಗಿ ಮಡಿಸುವುದು, ಅದರಲ್ಲೇನಿದೆ ಎನ್ನುವವರು ಒಮ್ಮೆ ದಪ್ಪ ರಟ್ಟನ್ನು ಮಡಿಸಿ ನೋಡಬೇಕು. ಮಡಿಕೆಯ ಉದ್ದಕ್ಕೂ ಬಿರುಕು ಬಿಟ್ಟು, ಒಳಗಿನ ಬಿಳಿ ನಾರು ಹಲ್ಲು ಕಿರಿಯುತ್ತದೆ. ಕಾರಣ ಕಾರ್ಖಾನೆಯಲ್ಲಿದೆ. ದಾಂಡೇಲಿಯಲ್ಲಾಗಲಿ ಇನ್ನೆಲ್ಲೇ ಆಗಲಿ, ಯಂತ್ರದಲ್ಲಿ ಕಾಗದದ ಅಂಬಲಿ ಓಡುವ ಜಾಲರಿಯ ಮೇಲೆ ಹರಿಯುವಾಗ ನಾರುಗಳೆಲ್ಲ ಹೆಚ್ಚುಕಡಿಮೆ ಓಟದ ದಿಕ್ಕಿಗೇ ತಿರುಗಿ ಮಲಗುತ್ತವೆ. ದಿನಪತ್ರಿಕೆ ಒಂದು ಕಡೆಯಿಂದ ಹರಿದರೆ ನೆಟ್ಟಗೆ ಬರುತ್ತದೆ, ಅಡ್ಡಡ್ಡ ಹರಿದರೆ ಸಂಪಾದಕೀಯದಿಂದ ಕ್ರೀಡಾಪುಟದವರೆಗೆ ಅಂಕುಡೊಂಕಾಗಿ ಅಲೆಯುತ್ತದೆ. ಆ ನಾರಿನ ಜಾಡು ಹಿಡಿದು ಮಡಿಸಿದರೆ ಕಾಗದ ಮಾತು ಕೇಳುತ್ತದೆ. ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಬಿಗುಮಾನ ಕಡಿಮೆಯೋ ಅದೇ ಜಾಡು. ಆಮೇಲೆ ಸ್ಟೀಲಿನ ಸ್ಕೇಲು ಇಟ್ಟು, ಶಾಯಿ ಮುಗಿದ ರೀಫಿಲ್ಲಿನಿಂದ ಒತ್ತಿ ಗೀರಬೇಕು. ಗೀರಿದ ಹಳ್ಳ ಹೊರಗೆ, ಅದರ ಉಬ್ಬು ಒಳಗೆ ಬರುವಂತೆ ಮಡಿಸಬೇಕು. ಹಳ್ಳದ ಒಳಮುಖವಾಗಿ ಮಡಿಸುವುದೇ ಸರಿ ಎಂದು ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಅಚ್ಚುಕೂಟದವರನ್ನು ಕೇಳಿ, ಉಲ್ಟಾ ಹೇಳುತ್ತಾರೆ.

ಅಂಟಿನ ವಿಷಯದಲ್ಲಿ ನಾನು ಸಂಪ್ರದಾಯಸ್ಥಳಲ್ಲ. ನಮ್ಮ ಬಾಲ್ಯದಲ್ಲಿ ಮೈದಾ ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದ ಅಂಟು ಇರುತ್ತಿತ್ತು. ಗಾಳಿಪಟಕ್ಕೆ ಅದು ಅಮೃತ, ಕಾರ್ಡಿಗೆ ವೈರಿ. ನೀರು ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಊದುತ್ತದೆ. ಸಂಜೆ ಅಂಟಿಸಿದ ಕಾರ್ಡು ಬೆಳಿಗ್ಗೆ ಹಪ್ಪಳ. ಫೆವಿಕಾಲನ್ನು ಬೆರಳಿನಿಂದಲ್ಲ, ಹಳೆಯ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆದು, ಮೇಲೊಂದು ದಪ್ಪ ನಿಘಂಟು ಹೇರಿ ಮಲಗಬೇಕು. ನಿಘಂಟು ನಮ್ಮ ಮನೆಯಲ್ಲಿ ಬಳಕೆಯಾಗುವುದು ಈ ಒಂದು ಕಾರಣಕ್ಕೆ.

ನನ್ನ ಪ್ರೀತಿಯ ಕೈಚಳಕ ಮಾತ್ರ ಐರಿಸ್ ಫೋಲ್ಡಿಂಗ್. ಹಾಲೆಂಡಿನವರ ಈ ಕಸುಬಿಗೆ ಬೇಕಾದ ಮುಖ್ಯ ಸರಕು ಬ್ಯಾಂಕಿನಿಂದ ಬಂದ ಲಕೋಟೆ. ಒಳಗಿನ ಗುಟ್ಟು ಹೊರಗೆ ಕಾಣದಿರಲೆಂದು ಬ್ಯಾಂಕುಗಳು ಲಕೋಟೆಯ ಒಳಮೈಗೆ ನೀಲಿ ಚುಕ್ಕಿ, ಅಲೆ, ಜಾಲರಿಗಳನ್ನು ಅಚ್ಚು ಹಾಕಿಸುತ್ತವಲ್ಲ, ಅದೇ. ಒಳಗಿರುವುದು ಸಾಲದ ಆಮಿಷವಾದ್ದರಿಂದ ಗುಟ್ಟಿಗಿಂತ ಜಾಲರಿಯೇ ಬೆಲೆಯುಳ್ಳದ್ದು. ಲಕೋಟೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಉದ್ದಕ್ಕೆ ಮಡಿಸಿಟ್ಟುಕೊಳ್ಳಬೇಕು. ಕಾರ್ಡಿನ ಎದುರುಮುಖದಲ್ಲಿ ಹಣತೆಯದೋ ಮಾವಿನಕಾಯಿಯದೋ ಆಕಾರ ಕೊರೆದು, ಮಗುಚಿ ಮಲಗಿಸಿ, ಬೆನ್ನಿನ ಕಡೆಯಿಂದ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸುತ್ತ ಹೋಗಬೇಕು. ಮಡಿಸಿದ ಅಂಚು ಒಳಕ್ಕೆ ನೋಡುತ್ತಿರಬೇಕು. ಒಂದು ಮೇಲೆ, ಒಂದು ಬಲಕ್ಕೆ, ಒಂದು ಕೆಳಗೆ, ಒಂದು ಎಡಕ್ಕೆ. ಮತ್ತೆ ಮೇಲೆ, ಕೂದಲೆಳೆಯಷ್ಟು ಓರೆಯಾಗಿ, ಕೂದಲೆಳೆಯಷ್ಟು ಒಳಗೆ. ಕೊರೆದ ಕಿಂಡಿ ಹಳೇ ಕ್ಯಾಮೆರಾದ ಕಣ್ಣಿನಂತೆ ಸುತ್ತಿ ಸುತ್ತಿ ಮುಚ್ಚಿಕೊಳ್ಳುತ್ತ ಬರುತ್ತದೆ. ಕೊನೆಗೆ ಉಳಿಯುವ ಕಡಲೆಕಾಳಿನಷ್ಟು ಸಂದಿಗೆ ಯಾವುದೋ ಆರತಕ್ಷತೆಯ ಚಿನ್ನದ ಹಾಳೆಯ ಚೂರು. ಇದರ ಮೋಜೆಂದರೆ, ಕೆಲಸವೆಲ್ಲ ಬೆನ್ನಿನಲ್ಲೇ ನಡೆಯುತ್ತದೆ. ನಿಮ್ಮ ಕಣ್ಣಿಗೆ ಕಾಣುವುದು ಟೇಪಿನ ರಾಡಿ, ಬ್ಯಾಂಕಿನ ವಿಳಾಸ, ಅರ್ಧ ಹರಿದ ಪಿನ್‌ಕೋಡು. ಮಗುಚುವವರೆಗೆ ಹೊರಮುಖ ಏನಾಗಿದೆಯೋ ಗೊತ್ತಿಲ್ಲ. ಮಗುಚಿದಾಗ ಹಣತೆಯೊಳಗೆ ನೀಲಿ ಸುಳಿ ಎದ್ದು ನಿಂತಿರುತ್ತದೆ.

ನಮ್ಮನೆಯವರು ಇದನ್ನೆಲ್ಲ ಪೇಪರಿನ ಮರೆಯಿಂದ ನೋಡಿ, “ಒಂದು ಕಾರ್ಡಿಗೆ ಒಂದು ಭಾನುವಾರ. ಅಂಗಡೀಲಿ ಐವತ್ತು ರೂಪಾಯಿ” ಎಂದರು. ಗಾಂಧೀಜಿ ತಮಗೆ ಬಂದ ಲಕೋಟೆಗಳನ್ನು ಬಿಚ್ಚಿ ಒಳಮಗ್ಗುಲಲ್ಲಿ ಬರೆಯುತ್ತಿದ್ದರು ಎಂದು ನೆನಪಿಸಿದೆ. “ಅವರು ಮಿಂಚು ಹಚ್ಚುತ್ತಿರಲಿಲ್ಲ” ಎಂಬ ಉತ್ತರ ಬಂತು. ಮಿಂಚಿನ ಪುಡಿಯ ಮೇಲೆ ಅವರಿಗೆ ಹಳೆಯ ದ್ವೇಷ. ಆಫೀಸಿನ ಮೀಟಿಂಗಿನಲ್ಲಿ ಅವರ ಹುಬ್ಬು ಮಿನುಗಿತಂತೆ. ಆ ವಿಷಯದಲ್ಲಿ ಅವರ ಪಕ್ಷ ನ್ಯಾಯವಾದದ್ದೇ. ಮಿಂಚಿನ ಪುಡಿ ಕೈಲಾಗದವರ ಅಲಂಕಾರ. ಹಾಗೆಯೇ ಡಬ್ಬದಲ್ಲಿ ಸಿದ್ಧವಾಗಿ ಬರುವ, ಬೆನ್ನಿಗೆ ಅಂಟು ಹಚ್ಚಿದ ಹೂವು-ಚಿಟ್ಟೆಗಳು. ಇನ್ನೊಬ್ಬರು ಮಾಡಿದ ಚಿಟ್ಟೆಯನ್ನು ಇನ್ನೊಬ್ಬರು ಮಾಡಿದ ಕಾರ್ಡಿಗೆ ಅಂಟಿಸಿ ‘ನಾನೇ ಮಾಡಿದ್ದು’ ಎನ್ನುವುದಕ್ಕೆ ಧೈರ್ಯ ಬೇಕು.

ಅಚ್ಚಾದ ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೇ ಪುರುಸೊತ್ತಿಲ್ಲದವರ ಉಪಾಯವಾಗಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನಿಗೆ ಕ್ರಿಸ್‌ಮಸ್ಸಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಬಿಡುವಾಗದೆ, ಜೆ. ಸಿ. ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿ ಸಾವಿರ ಪ್ರತಿ ಅಚ್ಚು ಹಾಕಿಸಿದ. ತನಗೆ ಬೇಕಾದ್ದು ಬಳಸಿಕೊಂಡು ಮಿಕ್ಕದ್ದನ್ನು ಒಂದೊಂದು ಶಿಲಿಂಗಿಗೆ ಮಾರಿದ. ಚಿತ್ರದಲ್ಲಿ ಮನೆಮಂದಿಯೆಲ್ಲ ದ್ರಾಕ್ಷಾರಸ ಕುಡಿಯುತ್ತಿದ್ದಾರೆ, ಪುಟ್ಟ ಮಗುವಿಗೂ ಗುಟುಕು ಕೊಡುತ್ತಿದ್ದಾರೆ. ಪಾನವಿರೋಧಿಗಳು ರೇಗಿದರು. ನಮ್ಮ ಅತ್ತೆ ಅಲ್ಲಿದ್ದಿದ್ದರೆ ಅವರ ಮುಂದಾಳಾಗಿರುತ್ತಿದ್ದರು.

ಇನ್ನು ಟ್ಯಾಗು. ಕಾರ್ಡು ಶೋಕಿ, ಟ್ಯಾಗು ಲೆಕ್ಕಪತ್ರ. ಮುಯ್ಯಿ ಎಂಬ ಮಹಾವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದವರ ಮನೆಯಲ್ಲೂ ವೇದಿಕೆಯ ಪಕ್ಕದಲ್ಲಿ ಸೋದರಮಾವನೊಬ್ಬ ನೋಟ್‌ಬುಕ್ಕು ಹಿಡಿದು ನಿಂತಿರುತ್ತಾನೆ. ಮದುವೆ ಮುಗಿದ ರಾತ್ರಿ ಉಡುಗೊರೆ ಬಿಚ್ಚುವಾಗ ನೋಡಬೇಕು. ಒಂದೇ ತೆರನ ಗೋಡೆ ಗಡಿಯಾರಗಳು ಸಾಲಾಗಿ ಹೊರಬಂದಿವೆ, ಒಂದರ ಹೆಸರಿನ ಚೀಟಿ ಉದುರಿಹೋಗಿದೆ. ಕೊಟ್ಟವರು ಯಾರು? ಅವರ ಮನೆಯ ಮದುವೆಗೆ ನಾವು ಏನು ಕೊಡಬೇಕು? ಕೊಡದಿದ್ದರೆ ಏನಾಗುತ್ತದೆ? ಅರ್ಧರಾತ್ರಿಯಾದರೂ ಸಭೆ ಮುಗಿಯುವುದಿಲ್ಲ. ಅಂಗಡಿಯ ಅಂಟುಚೀಟಿಗೆ ಜವಾಬ್ದಾರಿಯೆಂಬುದಿಲ್ಲ, ಸಾರಿನ ಹಬೆಗೇ ಎದ್ದುಬಿಡುತ್ತದೆ.

ಆದ್ದರಿಂದ ನಾನು ಮಾಡುವ ಟ್ಯಾಗು ಕಟ್ಟುವ ಜಾತಿಯದು. ಪತ್ರಿಕೆಯ ಖಾಲಿ ಮಗ್ಗುಲಿನಿಂದ ಮೂರು ಬೆರಳಗಲ, ಕೈಬೆರಳುದ್ದದ ತುಂಡು. ಮೇಲಿನ ಎರಡು ಮೂಲೆ ಓರೆಯಾಗಿ ಕತ್ತರಿಸಿ, ತೂತು ಬರುವ ಜಾಗಕ್ಕೆ ಎರಡೂ ಕಡೆ ಇನ್ನೊಂದು ರಟ್ಟಿನ ಬಿಲ್ಲೆ ಅಂಟಿಸಿ, ಆಮೇಲೆ ಪಂಚು ಮಾಡಬೇಕು. ಬಿಲ್ಲೆಯಿಲ್ಲದ ತೂತು ಮೊದಲ ಎಳೆತಕ್ಕೇ ಬಾಯಿ ಬಿಡುತ್ತದೆ. ದಾರಕ್ಕೆ ಅರಿಶಿನ ಹಚ್ಚಿದ ನೂಲಾಗಬಹುದು, ನೆನೆಸಿದ ಬಾಳೆನಾರಾಗಬಹುದು. ಒಣಗಿದ ಮೇಲೆ ಆ ಗಂಟು ಬಿಚ್ಚಲು ಕತ್ತರಿಯೇ ಬೇಕು. ಮುಂದೆ ಗಣಪತಿ, ಹಿಂದೆ ನಮ್ಮ ಹೆಸರು. ದೇವರ ಚಿತ್ರ ಇರುವುದರಿಂದ ಟ್ಯಾಗನ್ನು ಅವರು ಎಸೆಯುವಂತಿಲ್ಲ, ಆದ್ದರಿಂದ ನಮ್ಮ ಮುಯ್ಯಿಯನ್ನು ಮರೆಯುವಂತಿಲ್ಲ. ಈ ಸೂಕ್ಷ್ಮ ಅತ್ತೆಗೆ ಹೊಳೆದ ದಿನದಿಂದ ಅವರ ವಿರೋಧ ಕರಗಿತು. ಈಗ ಅವರೇ ಕನ್ನಡಕ ಏರಿಸಿ, ಉಗುರು ಕತ್ತರಿಯಲ್ಲಿ ಇಲಿಯ ಬಾಲ ಬಿಡಿಸುತ್ತಾರೆ. ನನಗಿಂತ ಅವರ ಕೈ ಸ್ಥಿರ.

ಪಡೆದವರ ಪ್ರತಿಕ್ರಿಯೆ ಬಗೆಬಗೆ. “ಎಲ್ಲಿ ತಗೊಂಡ್ರಿ?” ಎಂಬುದು ಅತ್ಯುನ್ನತ ಪ್ರಶಸ್ತಿ. “ಟೈಮ್ ಹೇಗೆ ಸಿಗುತ್ತೆ ನಿಮಗೆ?” ಎನ್ನುವವರು ಹೊಗಳುತ್ತಿದ್ದಾರೋ ತೂಗುತ್ತಿದ್ದಾರೋ ತಿಳಿಯದು. ಒಂದು ಗೃಹಪ್ರವೇಶದಲ್ಲಿ ಬಳಗದ ಹೆಂಗಸೊಬ್ಬರು ನನ್ನ ಕಾರ್ಡನ್ನು ಬೆಳಕಿಗೆ ಹಿಡಿದು, “ಈ ಬಳ್ಳಿ ನಮ್ಮ ಹುಡುಗನ ಮದುವೆ ಪತ್ರಿಕೇದಲ್ವಾ?” ಎಂದರು. ಸುತ್ತಲಿದ್ದವರು ಉಸಿರು ಬಿಗಿಹಿಡಿದರು. “ಎಂಟು ಡಿಸೈನು ನೋಡಿ ನಾನೇ ಆರಿಸಿದ್ದು. ಒಬ್ಬರಾದರೂ ಅದನ್ನ ನೆಟ್ಟಗೆ ನೋಡಲಿಲ್ಲ ಆವತ್ತು” ಎಂದು ಅವರು ಕಾರ್ಡನ್ನು ಮನೆಯೊಡತಿಗೆ ವಾಪಸು ಕೊಡದೆ ಬ್ಯಾಗಿಗೆ ಹಾಕಿಕೊಂಡರು. ಮನೆಯೊಡತಿಗೆ ಇನ್ನೊಂದು ಮಾಡಿಕೊಡುವುದು ನನ್ನ ತಲೆಗೆ ಬಂತು.

ಈ ವರ್ಷ ಮದುವೆ ಇಟ್ಟುಕೊಂಡವರಲ್ಲಿ ಒಂದು ಅರಿಕೆ. ಪತ್ರಿಕೆಗೆ ದಯವಿಟ್ಟು ಪ್ಲಾಸ್ಟಿಕ್ಕಿನ ಲ್ಯಾಮಿನೇಶನ್ ಮಾಡಿಸಬೇಡಿ. ಅದಕ್ಕೆ ಅಂಟು ಹಿಡಿಯುವುದಿಲ್ಲ, ರೀಫಿಲ್ಲಿನ ಗೀರು ನಿಲ್ಲುವುದಿಲ್ಲ, ಮಣ್ಣಿಗೆ ಹಾಕಿದರೆ ಕೊಳೆಯುವುದೂ ಇಲ್ಲ. ಒಂದು ಮಗ್ಗುಲನ್ನು ಖಾಲಿ ಬಿಡಿ. ಬಂಧುಗಳ ಪಟ್ಟಿ ಹೇಗೂ ಉದ್ದವಾಯಿತು. ಗಣಪತಿಯ ಸುತ್ತ ಬೆರಳಗಲ ಜಾಗವಿರಲಿ, ಇಲಿಯ ಬಾಲ ಸ್ವಲ್ಪ ದಪ್ಪಗಿರಲಿ. ಅರಿಶಿನವನ್ನು ನಾಲ್ಕು ಮೂಲೆಗೆ ಮಾತ್ರ ಹಚ್ಚಿ, ನಡುವೆ ಬೇಡ. ಲಕೋಟೆಯ ಮೇಲೆ ನಮ್ಮ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದರೆ ಬಹಳ ಉಪಕಾರ.