ಪತ್ರಿಕಾಪಠನದಿಂದ ಆಂಗ್ಲ ಪದಪುಷ್ಟಿ: ಒಂದು ಪ್ರಾಥಮಿಕ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳದೆ ಯಾವ ಶಾಸ್ತ್ರವನ್ನೂ ಆರಂಭಿಸಬಾರದೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ. ಪ್ರಯೋಜನ, ಅದರಲ್ಲಿನ ಕಬ್ಬಿಣದ ಕಡಲೆಗಳನ್ನು ಹಲ್ಲು ಉದುರದಂತೆ ಅಗಿಯುವುದು. ಅಧಿಕಾರಿ ಎಂದರೆ, ಮುಂದೆ ಅಧಿಕಾರಿಯಾಗುವ ಆಸೆಯಿಂದ ಬೆಂಗಳೂರಿನ ವಿಜಯನಗರದ ಬಾಡಿಗೆ ರೂಮಿನಲ್ಲಿ ಇನ್ನು ಮೂವರೊಡನೆ ಬಿದ್ದುಕೊಂಡು ಯುಪಿಎಸ್‌ಸಿಗೆ ಓದುತ್ತಿರುವವನು. ಸಂಬಂಧವೊಂದು ಮಾತ್ರ ಕುದುರಿಲ್ಲ. ಕೆಲಸ ಸಿಗಲಿ, ಆಮೇಲೆ ನೋಡೋಣ ಎಂದು ಹುಡುಗಿಯ ಕಡೆಯವರು ಹೇಳಿಕಳಿಸಿದ್ದಾರೆ.

ಇನ್ನು ಪ್ರಮಾಣವಿಚಾರ. "ದಿನಾ ಹಿಂದೂ ಓದಪ್ಪ, ಇಂಗ್ಲಿಷ್ ತಾನಾಗೇ ಬರುತ್ತೆ" ಎಂಬುದು ನಮ್ಮ ನಾಡಿನ ಸಕಲ ಸೋದರಮಾವಂದಿರೂ ನಿವೃತ್ತ ಹೆಡ್‌ಮಾಸ್ತರರೂ ಒಕ್ಕೊರಲಿನಿಂದ ನುಡಿದಿರುವ ಆಪ್ತವಾಕ್ಯ. 1878ರಲ್ಲಿ ಮದರಾಸಿನಲ್ಲಿ ವಾರಪತ್ರಿಕೆಯಾಗಿ ಹುಟ್ಟಿ, 1889ರಲ್ಲಿ ದಿನಪತ್ರಿಕೆಯಾದ ಆ ಪತ್ರಿಕೆಯ ಹಿರಿಮೆಯ ಬಗ್ಗೆ ತಕರಾರಿಲ್ಲ. ಆದರೆ ಹೀಗೆ ಹೇಳಿದವರ ಮನೆಬಾಗಿಲಿಗೆ ಬೆಳಿಗ್ಗೆ ಬೀಳುವುದು ಪ್ರಜಾವಾಣಿ. ಆದ್ದರಿಂದ ಇಲ್ಲಿ ಶಬ್ದಪ್ರಮಾಣವುಂಟು, ಪ್ರತ್ಯಕ್ಷಪ್ರಮಾಣವಿಲ್ಲ ಎಂದು ತಿಳಿಯತಕ್ಕದ್ದು.

ಈ ಅಧ್ಯಯನಕ್ಕೆ ಆಧಾರ ಏಕೈಕ ಹಸ್ತಪ್ರತಿ: 200 ಪುಟದ ಲಾಂಗ್ ನೋಟ್‌ಬುಕ್ಕು, ಕಾಲ 2017, ಕರ್ತೃ ಈ ಲೇಖಕ. ಅಂಚುಗಳು ಜಿರಲೆಬಾಧೆಯಿಂದ ತ್ರುಟಿತ. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಎಳೆದ ನಾಲ್ಕು ಅಂಕಣಗಳು: ತಾರೀಖು, ಪದ, ಅರ್ಥ, ಸ್ವಂತ ವಾಕ್ಯ. ಜನವರಿ 1ರಂದು ಹನ್ನೊಂದು ಪದಗಳಿವೆ, ಕೆಂಪು ಶಾಯಿಯ ಅಡಿಗೆರೆ ಸಮೇತ. 2ರಂದು ಎಂಟು. 5ರಂದು ಒಂದೇ ಒಂದು, 'ಯುಬಿಕ್ವಿಟಸ್'. ಅರ್ಥ: ಎಲ್ಲೆಲ್ಲೂ ಇರುವ. ಸ್ವಂತ ವಾಕ್ಯ: ಗಾಡ್ ಈಸ್ ಯುಬಿಕ್ವಿಟಸ್. 9ರಿಂದಾಚೆಗೆ ಬೇರೊಬ್ಬ ಲಿಪಿಕಾರನ ಕೈ ಕಾಣಿಸುತ್ತದೆ: "ಹಾಲು ಅರ್ಧ ಲೀಟರು, ಮಂಜ ಕೊಟ್ಟ. ಗ್ಯಾಸು, ಇನ್ನೂ ಯಾರೂ ಕೊಟ್ಟಿಲ್ಲ." ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವ ಆತುರ ಬೇಡ. ಬರೆದ ಪದವೆಲ್ಲ ಬಳಕೆಯಾಗಿರುವುದು ಈ ಭಾಗದಲ್ಲೇ.

ಹಾಗೆಂದು ಮೊದಲ ಭಾಗದ ಪದಗಳು ಪ್ರಯೋಗವನ್ನೇ ಕಾಣಲಿಲ್ಲ ಎನ್ನುವಂತಿಲ್ಲ. ರೂಮಿಗೆ ಮೂರು ದಿನ ನೀರು ಬಾರದಿದ್ದಾಗ ಮನೆ ಓನರಿಗೆ ಬರೆದ ಪತ್ರದಲ್ಲಿ ಅವರ ನೀರು ಸರಬರಾಜನ್ನು 'ಎಗ್ರೀಜಿಯಸ್' ಎಂದು ಕರೆಯಲಾಗಿತ್ತು. ಓನರು ಪರಮಪ್ರಸನ್ನರಾಗಿ ಆ ಕಾಗದವನ್ನು ಕೆಳಗಿನ ಮನೆಯವರಿಗೂ ತೋರಿಸಿದರು. ನಿರುಕ್ತದ ದೃಷ್ಟಿಯಿಂದ ಅವರದು ತಪ್ಪಲ್ಲ. ಲ್ಯಾಟಿನ್ನಿನಲ್ಲಿ 'ಗ್ರೆಕ್ಸ್' ಎಂದರೆ ಹಿಂಡು. ಹಿಂಡಿನಲ್ಲಿ ಎದ್ದು ಕಾಣುವಂಥದ್ದು ಎಗ್ರೀಜಿಯಸ್. 16ನೇ ಶತಮಾನದ ಇಂಗ್ಲಿಷಿನಲ್ಲಿ ಅದು ಹೊಗಳಿಕೆಯೂ ಆಗಿತ್ತು, ಆಮೇಲೆ ವ್ಯಂಗ್ಯದ ಬಾಯಿಗೆ ಸಿಕ್ಕಿ ಬೈಗುಳವಾಯಿತು. ನಮ್ಮ 'ಘನಂದಾರಿ'ಗೂ ಇದೇ ಗತಿಯಲ್ಲವೆ? "ಏನು ಘನಂದಾರಿ ಕೆಲಸ ಮಾಡಿದ್ದೀಯ" ಎಂದು ಅಪ್ಪ ಕೇಳಿದಾಗ ಯಾವ ಮಗನೂ ಬಹುಮಾನಕ್ಕೆ ಕೈಚಾಚುವುದಿಲ್ಲ. ಓನರು ನಾನೂರು ವರ್ಷ ಹಿಂದಿದ್ದರು, ಅಷ್ಟೆ. ನೀರು ಬಂದದ್ದು ಆರನೆಯ ದಿನ.

2017ರ ಮೇ ತಿಂಗಳಲ್ಲಿ ಶಶಿ ತರೂರರು ಟ್ವೀಟೊಂದರಲ್ಲಿ 'ಫ್ಯಾರಾಗೋ' ಎಂದರು. ದೇಶಕ್ಕೆ ದೇಶವೇ ನಿಘಂಟು ತಡಕಿತು, ಮರುದಿನ ಪತ್ರಿಕೆಗಳು ಅದಕ್ಕೆ ಅರ್ಥ ಬರೆದವು. ಲ್ಯಾಟಿನ್ ಮೂಲದಲ್ಲಿ ಇದು ದನಕ್ಕೆ ಹಾಕುವ ಬೆರಕೆ ಮೇವು. ಇಲ್ಲಿ ತೌಲನಿಕ ಅಧ್ಯಯನಕ್ಕೆ ಒಳ್ಳೆಯ ಅವಕಾಶವಿದೆ. 1973ರಲ್ಲಿ ನಮ್ಮ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಬೀದಿಬೀದಿಯಲ್ಲಿ ಗಲಾಟೆಯಾಗಿ, ಅವರು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಅದೂ ಮೇವು, ಇದೂ ಮೇವು. ಲ್ಯಾಟಿನ್ ಬೂಸಾಕ್ಕೆ ಚಪ್ಪಾಳೆ, ಕನ್ನಡ ಬೂಸಾಕ್ಕೆ ರಾಜೀನಾಮೆ. ಸಂಪಾದಕೀಯಗಳನ್ನು ಬರೆಯುವವರಿಗೆ ಈ ರಹಸ್ಯ ಚೆನ್ನಾಗಿ ಗೊತ್ತಿದ್ದಂತಿದೆ.

ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡಿಗೆ ಸಿಗುವ ನಾರ್ಮನ್ ಲೂಯಿಸನ 'ವರ್ಡ್ ಪವರ್ ಮೇಡ್ ಈಸಿ' ಎಂಬ 1949ರ ಗ್ರಂಥವನ್ನೂ ಲೇಖಕ ಪರಿಶೀಲಿಸಿದ್ದಾನೆ. ಮೊದಲ ಮೂರು ಅಧ್ಯಾಯಗಳು ಹಿಂದಿನ ಮಾಲೀಕನ ಪೆನ್ಸಿಲ್ ಗೆರೆಗಳಿಂದ ತುಂಬಿದ್ದವು, ನಾಲ್ಕರಿಂದಾಚೆಗೆ ಕನ್ಯಾರಣ್ಯ. ಹೆಚ್ಚಿನ ವ್ಯಾಖ್ಯಾನ ಅನಗತ್ಯ.

ಕೊನೆಯದಾಗಿ ಅನೇಕಾರ್ಥ ಪ್ರಕರಣ. 2018ರಲ್ಲಿ ಊರಿಗೆ ಹೋಗಿದ್ದಾಗ ಜಗಲಿಯಲ್ಲಿ ಕೂತು ಪತ್ರಿಕೆ ಓದಿ ಹೇಳುತ್ತಿದ್ದೆ. ಅಮೆರಿಕ ಇರಾನಿನ ಮೇಲೆ ಮತ್ತೆ ಸ್ಯಾಂಕ್ಷನ್ ಹೇರಿದ ಸುದ್ದಿ. ಕೊಳವೆಬಾವಿಗೆ ಅರ್ಜಿ ಹಾಕಿ ಮೂರು ವರ್ಷ ಅಲೆದಿದ್ದ ಚಿಕ್ಕಪ್ಪ ಬೀಡಿ ಆರಿಸಿ ಹತ್ತಿರ ಬಂದರು.

"ಎಷ್ಟಕ್ಕ್ಲಾ ಸ್ಯಾಂಕ್ಸನ್ ಆಗಿರೋದು?"

"ಅದಲ್ಲ ಚಿಕ್ಕಪ್ಪ. ಸ್ಯಾಂಕ್ಷನ್ ಅಂದ್ರೆ ಮಂಜೂರು ಅಂತಾನೂ ಆಗುತ್ತೆ, ದಿಗ್ಬಂಧನ ಅಂತಾನೂ ಆಗುತ್ತೆ. ಇಲ್ಲಿ ಅವರಿಗೆ ಏನೂ ಸಿಗದ ಹಾಗೆ ಮಾಡೋದು."

ಚಿಕ್ಕಪ್ಪ ಸ್ವಲ್ಪ ಹೊತ್ತು ತೋಟದ ಕಡೆ ನೋಡಿದರು.

"ಅಂಗಾರೆ ನಂದೂ ಅದೇಯಾ. ಸ್ಯಾಂಕ್ಸನ್ ಆಗೈತೆ ಅಂತವ್ರೆ, ಏನೂ ಸಿಕ್ಕಿಲ್ಲ."

ನೋಟ್‌ಬುಕ್ಕಿನಲ್ಲಿ ಗ್ಯಾಸಿನ ಲೆಕ್ಕದ ಕೆಳಗೆ ಒಂದು ಸಾಲು ಖಾಲಿಯಿತ್ತು. ತಾರೀಖು, ಪದ ಬರೆದೆ. ಅರ್ಥ, ಸ್ವಂತ ವಾಕ್ಯ, ಎರಡೂ ಅಂಕಣಕ್ಕೆ ಚಿಕ್ಕಪ್ಪನ ಮಾತನ್ನೇ ಹಾಕಿಕೊಂಡೆ.