ಹವಾ ಇರುವವರ ಫಿಲ್ಟರ್

ಅಥಣಿಯ ಸ್ಪೇರ್ ಪಾರ್ಟ್ ಅಂಗಡಿಗೆ ಹೋಗಿ, 'ಕ್ರೂಸರ್‌ಗೆ ಏರ್ ಫಿಲ್ಟರ್ ಕೊಡ್ರಿ' ಎಂದೆ. ಮಾಲಕರು ಅಟ್ಟದ ಮೇಲಿಂದ ತುಂಬಿದ ಕೊಡದಷ್ಟು ದಪ್ಪದ ಫಿಲ್ಟರ್ ಇಳಿಸಿ ನನ್ನ ಮುಂದಿಟ್ಟರು. ತಪ್ಪು ಅವರದಲ್ಲ. ನಮ್ಮ ಕಡೆ ಕ್ರೂಸರ್ ಅಂದರೆ ಮಿರಜಿನ ದವಾಖಾನೆಗೂ ಮದುವೆ ದಿಬ್ಬಣಕ್ಕೂ ಹೋಗುವ ಜೀಪು. ಒಳಗೆ ಹದಿನೆಂಟು ಮಂದಿ, ಹಿಂದಿನ ಏಣಿಗೆ ಜೋತುಬಿದ್ದವರು ಲೆಕ್ಕಕ್ಕಿಲ್ಲ.

"ಎಷ್ಟ ಸೀಟಿಂದರೀ ಸರ?"

"ಎರಡು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅದಕ್ಕ ಬೈಕ್ ಅಂತಾರರೀ."

ಹೌದು, ಬೈಕೇ. 350 ಸಿಸಿ, ಸೋಫಾದಂಥ ಸೀಟು, ಕಾಲು ಮುಂದೆ ಚಾಚಿ ಕೂತರೆ ಕಬ್ಬಿನ ಬಿಲ್ ಈಗಷ್ಟೇ ಜಮಾ ಆದಂಥ ಗತ್ತು. ಇದನ್ನು ಕೊಳ್ಳುವುದೇ ಹವಾ ಮಾಡಲಿಕ್ಕೆ. ಆದ್ದರಿಂದ ಹವಾ ಹೊರಗೆ ಹೋಗುವ ದಾರಿಗೆ ಸಾವಿರಗಟ್ಟಲೆ ಸುರಿಯುತ್ತೇವೆ. ಕಂಪನಿ ಕೊಟ್ಟ ಸೈಲೆನ್ಸರ್ ಕಿತ್ತು, ಕಟ್ಟೆ ಮೇಲಿನ ಮುದುಕರ ಎದೆ ನಡುಗಿಸುವಂಥದ್ದು ಹಾಕಿಸುತ್ತೇವೆ. ಹವಾ ಒಳಗೆ ಬರುವ ದಾರಿ ಯಾವುದೆಂದು ಮಾತ್ರ ಗೊತ್ತಿಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಬಂಕಿನಲ್ಲಿ ಮೀಟರ್ ಸೊನ್ನೆಯಿಂದ ಶುರುವಾಯಿತೋ ಇಲ್ಲವೋ ಎಂದು ಕತ್ತು ಚಾಚುವ ಗಿರಾಕಿ, ಈ ಹದಿನೈದು ಕಿಲೋ ಪುಕ್ಕಟೆ ಮಾಲಿನ ಗುಣ ಕೇಳಿದ್ದನ್ನು ನಾನು ನೋಡಿಲ್ಲ.

ನನ್ನ ಗಾಡಿಯ ಪಿಕಪ್ ಸತ್ತು, ಕಬ್ಬಿನ ಟ್ರ್ಯಾಕ್ಟರ್ ನನ್ನನ್ನೇ ಓವರ್‌ಟೇಕ್ ಮಾಡಿದ ದಿನ ಚಿಕ್ಕೋಡಿಯ ಮಿಸ್ತ್ರಿಯ ಹತ್ತಿರ ಹೋದೆ. ಫಿಲ್ಟರ್ ಎಲ್ಲಿದೆ ಎಂದು ಇಬ್ಬರೂ ಹುಡುಕಿದೆವು. ಎಡಗಡೆ ಪ್ಯಾನೆಲ್ ತೆಗೆದರೆ ಪಾನಾ ಚೀಲ, ಸೀಟು ಎತ್ತಿದರೆ ಬ್ಯಾಟರಿ. ಥೇಟ್ ಚಿಕ್ಕೋಡಿ ಜಿಲ್ಲೆ ಹುಡುಕಿದ ಹಾಗೆ: ಲೋಕಸಭಾ ಕ್ಷೇತ್ರ ಸಿಗುತ್ತದೆ, ಶೈಕ್ಷಣಿಕ ಜಿಲ್ಲೆ ಸಿಗುತ್ತದೆ, ಕೆಎ-23 ಎಂಬ ನಂಬರೂ ಸಿಗುತ್ತದೆ, 1997ರಲ್ಲಿ ಘೋಷಣೆಯಾಗಿ ವಾಪಸಾದ ಆ ಜಿಲ್ಲೆಯೊಂದು ಮಾತ್ರ ಸಿಗುವುದಿಲ್ಲ. ಕೊನೆಗೆ ಬಲಗಡೆ, ತುಕ್ಕು ಹಿಡಿದ ಮೂರು ಸ್ಕ್ರೂಗಳ ಹಿಂದೆ ಕರಿ ಡಬ್ಬಿ ಕಂಡಿತು.

ಮುಚ್ಚಳ ತೆಗೆದಾಗ ಇಬ್ಬರೂ ಸುಮ್ಮನಾದೆವು. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿದ್ದ ಕಾಗದದಲ್ಲಿ ನಾಲ್ಕು ತಾಲೂಕು ತಳವೂರಿದ್ದವು. ಮೊದಲ ಪದರ ಅಥಣಿಯ ಎರೆಮಣ್ಣು. ಅದರ ಮೇಲೆ ರಾಯಬಾಗದ ಹೊಲಗಳಲ್ಲಿ ಕಬ್ಬಿನ ರವದಿ ಸುಟ್ಟ ಕರಿ. ಕಾಗವಾಡದ ಕಡೆಯದು ಸಕ್ಕರೆ ಕಾರ್ಖಾನೆಯ ಚಿಮಣಿ ಬೂದಿ, ಬೆರಳಿಗೆ ಪೌಡರಿನಷ್ಟು ನುಣುಪು. ನಿಪ್ಪಾಣಿಯನ್ನು ಕಣ್ಣಿಂದ ಹುಡುಕಬೇಕಿರಲಿಲ್ಲ. ಮೂಸಿದೊಡನೆ ಮಿಸ್ತ್ರಿಗೆ ಮೂರು ಸೀನು ಬಂತು, ತಂಬಾಕಿನ ವಖಾರಿಯ ಪಕ್ಕ ಹಾದುಹೋದ ಪುರಾವೆ. ಮೂಲೆಯಲ್ಲಿ ಇಲಿಯೊಂದು ಕೂಡಿಟ್ಟ ಏಳೆಂಟು ಗೋವಿನಜೋಳದ ಕಾಳು. ರಸ್ತೆ ಮಾಡಿದವರ ಪಾಲು ಎಷ್ಟೆಂದು ಬೇರೆ ಮಾಡಲಾಗಲಿಲ್ಲ, ಎಲ್ಲ ಪದರದಲ್ಲೂ ಅವರಿದ್ದರು.

ಕರ್ನಾಟಕ-ಮಹಾರಾಷ್ಟ್ರ ಗಡಿ ಯಾವುದೆಂದು ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು. ಧೂಳು ಅದನ್ನು ಓದಿಲ್ಲ. ಒಂದೇ ಮಡಿಕೆಯಲ್ಲಿ ಎರಡೂ ರಾಜ್ಯಗಳ ಮಣ್ಣು ತಂಟೆಯಿಲ್ಲದೆ ಮಲಗಿತ್ತು.

"ಹೊಸಾದು ಯಾಕರೀ ಸರ, ಹವಾ ಹೊಡದ್ರ ಆತು," ಎಂದ ಮಿಸ್ತ್ರಿ ಫಿಲ್ಟರನ್ನು ಟೈರಿಗೆ ನಾಲ್ಕು ಬಾರಿ ಅಪ್ಪಳಿಸಿ, ಕೊಳೆಯಿದ್ದ ಮಗ್ಗುಲಿಂದಲೇ ಕಂಪ್ರೆಸರ್ ಹಿಡಿದರು. ಹೊರಗಿನ ಧೂಳು ಒಳಮಗ್ಗುಲಿಗೆ ಬಡ್ತಿ ಪಡೆಯಿತು. ಊದುವುದಾದರೆ ಒಳಗಿನಿಂದ ಹೊರಕ್ಕೆ, ಅದೂ ಮೆಲ್ಲಗೆ. ಜೋರು ಹೊಡೆದರೆ ಕಾಗದ ಹರಿದು, ಮರಳಿನ ಕಣ ಎಂಜಿನಿಗೆ ಇಳಿದು ಸಿಲಿಂಡರನ್ನು ಉಜ್ಜುತ್ತದೆ, ಆಮೇಲೆ ಆಯಿಲ್ ಸುಟ್ಟು ನೀಲಿ ಹೊಗೆ. ಇದನ್ನೆಲ್ಲ ನಾನು ಹೇಳಿದೆ. "ನೀವು ಸಾಲಿ ಮಾಸ್ತರ್ರ ಏನ್ರೀ?" ಎಂದರು.

ಮಿರಜಿಗೆ ಹೋಗಿ ಹೊಸದನ್ನೇ ತಂದೆ, ಮರಾಠಿ ಬಿಲ್ಲಿನ ಸಮೇತ. ಕೂರಿಸಲು ಹತ್ತು ನಿಮಿಷ: ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ರಬ್ಬರ್ ಅಂಚು ತನ್ನ ಜಾಗದಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸುವುದು, ಮೂರು ಸ್ಕ್ರೂ. ಮೂರನೆಯದರ ತಲೆ ಮಿಸ್ತ್ರಿಯ ಕೈಯಲ್ಲೇ ಸವೆದಿತ್ತು, ಅದರ ಜಾಗಕ್ಕೆ ತಂತಿ ಬಂತು. ಗಾಡಿ ಏನೋ ಬಾಣದ ಹಾಗೆ ಹೊರಟಿತು.

ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದರೆ ಗ್ಯಾರೇಜಿನ ಮುಂದೆ ಇನ್ನೊಂದು ಕ್ರೂಸರ್ ನಿಂತಿತ್ತು, ಬಲಗಡೆ ಪ್ಯಾನೆಲ್ ಬಿಚ್ಚಿ. ಮಿಸ್ತ್ರಿ ನನ್ನ ಹಳೆಯ ಫಿಲ್ಟರನ್ನು ಟೈರಿಗೆ ಬಡಿಯುತ್ತಿದ್ದರು. ಒಂದು ಗೋವಿನಜೋಳದ ಕಾಳು ಪುಟಿದು ರಸ್ತೆಗೆ ಬಿತ್ತು.

"ಇನ್ನೊಂದ ಸೀಜನ್ ನಡೀತೈತಿ ಬಿಡ್ರಿ ಅಣ್ಣಾ," ಎನ್ನುತ್ತಿದ್ದರು ಗಿರಾಕಿಗೆ. "ಕಂಪನೀದು, ಒರಿಜಿನಲ್."