ಬೈ-ಟು ಉದ್ಯೋಗ

ಗಾಂಧಿ ಬಜಾರಿನಲ್ಲಿ ಬೈ-ಟು ಕಾಫಿ ಕೇಳಲು ನನಗೆಂದೂ ನಾಚಿಕೆಯಾದದ್ದಿಲ್ಲ. ಒಂದು ಕಾಫಿ, ಎರಡು ಲೋಟ. ಮಾಣಿಯೂ ಮುಖ ಸಿಂಡರಿಸುವುದಿಲ್ಲ. ಆದರೆ ಅದೇ ಬಜಾರಿನ ಆಡಿಟರ್ ಆಫೀಸೊಂದರಲ್ಲಿ, ಸೇರುವ ಮೊದಲೇ ‘ಸಾರ್, ಅರ್ಧ ದಿನ ಮಾತ್ರ ಬರ್ತೀನಿ’ ಎನ್ನಬೇಕಾಗಿ ಬಂದಾಗ ನಾಲಿಗೆಯೇ ಹೊರಳಲಿಲ್ಲ.

ಹೆಂಡತಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ತುಮಕೂರಿಗೆ ವರ್ಗವಾಗಿತ್ತು. ಬೆಳಗಾದರೆ ರೈಲಿಗೆ ಓಡುತ್ತಾಳೆ. ಮಗಳು ಎಲ್‌ಕೆಜಿ, ಹನ್ನೆರಡೂವರೆಗೆ ಶಾಲೆ ಬಿಡುತ್ತದೆ. ಇಷ್ಟು ದಿನ ಅವಳನ್ನು ನೋಡಿಕೊಳ್ಳುತ್ತಿದ್ದ ಅಮ್ಮ, ಮಂಡಿನೋವು ಎಂದು ಮೈಸೂರಿನ ತಮ್ಮನ ಮನೆಗೆ ಹೋದರು. ಮೈಸೂರಿನಲ್ಲಿ ಮಂಡಿ ನೋಯುವುದಿಲ್ಲ ಎಂದಲ್ಲ, ಅಲ್ಲಿ ಎಲ್‌ಕೆಜಿ ಇಲ್ಲ.

ಕೇಳುವ ಮೊದಲು ಕಾನೂನಿನ ಆಸರೆ ಇದೆಯೇ ಎಂದು ಹುಡುಕಿದೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬೇಡಿ ಎನ್ನುತ್ತದೆ. ಕಡಿಮೆ ದುಡಿಯುತ್ತೇನೆ ಎನ್ನುವವನೂ ಒಬ್ಬ ಹುಟ್ಟಿಯಾನು ಎಂದು ಅದನ್ನು ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಅದರ ಮೇಲೆ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದ್ದು ಊರಿಗೆಲ್ಲ ಬಾಯಿಪಾಠ. ಅಂಥ ಊರಿನಲ್ಲಿ ನಾನು 21 ಗಂಟೆ ಕೇಳಲು ಹೊರಟಿದ್ದೆ.

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಆರೋಗ್ಯವಾಗಿದ್ದೀರಿ ತಾನೆ?’

‘ಹೂಂ ಸಾರ್.’

‘ಸೈಡಲ್ಲಿ ಬೇರೆ ಬಿಸಿನೆಸ್ಸೇ?’

‘ಇಲ್ಲ ಸಾರ್, ಮಗಳು.’

‘ಪಾಪ, ಹುಷಾರಿಲ್ವೇ?’

‘ಹುಷಾರಾಗೇ ಇದ್ದಾಳೆ ಸಾರ್. ಅದೇ ತೊಂದ್ರೆ.’

‘ಮನೆಯೋರು?’

‘ತುಮಕೂರಲ್ಲಿ.’

ಅವರ ಮುಖದಲ್ಲಿ ಕನಿಕರ ಉಕ್ಕಿತು. ದನಿ ತಗ್ಗಿಸಿ, ‘ತವರುಮನೆಯೇ?’ ಎಂದರು.

‘ಬ್ಯಾಂಕು ಸಾರ್. ರಾತ್ರಿ ಊಟದ ಹೊತ್ತಿಗೆ ಬಂದುಬಿಡ್ತಾಳೆ.’

ಉಕ್ಕಿದ್ದು ಹಾಗೇ ಇಳಿಯಿತು. ಹೌದು ಎಂದಿದ್ದರೆ ಸಂಬಳ ಕೊಂಚ ಹೆಚ್ಚೇ ಸಿಗುತ್ತಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ. ಅವರು ಕ್ಯಾಲ್ಕುಲೇಟರ್ ಎಳೆದುಕೊಂಡರು. ‘ಅರ್ಧ ಅಂದ್ರಲ್ಲ, 48ಕ್ಕೆ 21 ಅರ್ಧ ಅಲ್ಲಪ್ಪಾ. ಶೇಕಡ 43.75.’ ಸಂಬಳವನ್ನೂ ಅದೇ ದಶಮಾಂಶದವರೆಗೆ ಕತ್ತರಿಸಿದರು. ಮೇಲೆ ಷರತ್ತು: ಜಿಎಸ್‌ಟಿಆರ್-1ಕ್ಕೆ ಕೊನೇ ದಿನವಾದ 11ನೇ ತಾರೀಖು, 3ಬಿಯ 20ನೇ ತಾರೀಖು ಪೂರ್ತಿ ದಿನ ಬರಬೇಕು. ಜುಲೈ ವಿಷಯ ಜುಲೈಯಲ್ಲಿ ನೋಡೋಣ ಎಂದರು. ಜುಲೈಯಲ್ಲಿ ಏನಾಗುತ್ತದೆಂದು ಲೆಕ್ಕ ಬರೆಯುವವನಿಗೆ ಬಿಡಿಸಿ ಹೇಳಬೇಕೇ?

ರಾತ್ರಿ ಅಮ್ಮನ ಫೋನು.

‘ಕೆಲ್ಸ ಹೋಯ್ತಂತೆ?’

‘ಇಲ್ಲಮ್ಮ, ಅರ್ಧ ಇದೆ.’

‘ಇವತ್ತು ಅರ್ಧ ಹೋಗಿದೆ ಅನ್ನು’ ಎಂದು ನಿಟ್ಟುಸಿರು ಬಿಟ್ಟರು. ಮಂಡಿನೋವು ವಾಸಿಯಾಗುವ ಲಕ್ಷಣವೇನೂ ಮಾತಿನಲ್ಲಿ ಕಾಣಲಿಲ್ಲ.

ಮೊದಲ ದಿನ ಹನ್ನೆರಡೂಕಾಲಿಗೆ ಬ್ಯಾಗು ಹೆಗಲಿಗೇರಿಸಿ ಎದ್ದೆ. ಪಕ್ಕದ ಮೇಜಿನ ಹುಡುಗ ವೋಚರುಗಳ ನಡುವಿನಿಂದ ತಲೆಯೆತ್ತಿ, ‘ಗುಡ್ ನೈಟ್ ಸಾರ್’ ಎಂದ.

ಶಾಲೆಯ ಗೇಟಿನೆದುರು ಅಮ್ಮಂದಿರು, ಅಜ್ಜಿಯರು, ಒಂದು ಸೌತೆಕಾಯಿ ಗಾಡಿ. ಗಂಡಸರೆಂದರೆ ಮರದ ನೆರಳಲ್ಲಿ ನಿಂತ ಮೂವರು ವ್ಯಾನ್ ಡ್ರೈವರುಗಳು. ನಾನೂ ಹೋಗಿ ಅವರ ಪಕ್ಕ ನಿಂತೆ. ನೆರಳು ಇದ್ದದ್ದು ಅಲ್ಲಿ ಮಾತ್ರ. ಖಾಕಿ ಬಣ್ಣದ ಪ್ಯಾಂಟು ಹಾಕಿದ್ದೂ ತಪ್ಪಾಯಿತೇನೋ. ರೇಷ್ಮೆ ಅಂಚಿನ ಅಜ್ಜಿಯೊಬ್ಬರು ನನ್ನನ್ನೇ ಅಳೆದು ನೋಡಿ ಹತ್ತಿರ ಬಂದರು.

‘ಏನಪ್ಪಾ, ತಿಂಗಳಿಗೆ ಎಷ್ಟು ತಗೋತೀಯ?’

ಹೇಳಲು ಬಾಯಿ ತೆರೆದವನು ಮನಸ್ಸಿನಲ್ಲೇ ಒಂದು ಗುಣಾಕಾರ ಮಾಡಿದೆ. ಒಂದು ವ್ಯಾನಿಗೆ ಹತ್ತು ಮಕ್ಕಳು ಎಂದರೂ, ಡೀಸೆಲ್ ಕಳೆದು, ಶೇಕಡ 43.75ಕ್ಕಿಂತ...

‘ಮನೆ ಯಾವ ಕಡೆ ಅಮ್ಮಾ?’ ಎಂದು ಕೇಳಿಬಿಟ್ಟೆ.